ಮೀಸೆಯಣ್ಣನ ಬೆರಳು

ಮಾನ್ಯ ಭದ್ರತಾ ಮುಖ್ಯಾಧಿಕಾರಿಗಳೇ,

ತಮ್ಮ ಅಣು ವಿದ್ಯುತ್ ಸ್ಥಾವರದಲ್ಲಿ ಬಟ್ಟೆ ತೊಳೆಯುವ ನನಗೆ ಕಳೆದ ವಾರ ತಮ್ಮ ಕಚೇರಿಯಿಂದ ಒಂದೇ ಲಕೋಟೆಯಲ್ಲಿ ಎರಡು ನೋಟೀಸು ಬಂದಿವೆ. ಮೊದಲನೆಯದರ ಪ್ರಕಾರ, ಸೈರನ್ ಕೂಗಿದ ಆ ದಿನ ನಾನು ರಜೆ ಹೇಳದೆ ಕೆಲಸಕ್ಕೆ ಗೈರುಹಾಜರಾಗಿದ್ದೆ. ಎರಡನೆಯದರ ಪ್ರಕಾರ, ಅದೇ ದಿನ ನಾನು ಅನುಮತಿ ಇಲ್ಲದೆ ನಿಯಂತ್ರಿತ ವಲಯವನ್ನು ಪ್ರವೇಶಿಸಿದ್ದೆ. ಎರಡರ ಕೆಳಗೂ ತಮ್ಮದೇ ಸಹಿ, ಒಂದೇ ಶಾಯಿ. ಬಾರದೇ ಇದ್ದವಳು ಒಳಗೆ ಹೋದದ್ದು ಹೇಗೆ ಎಂದು ಸಹಿ ಹಾಕುವಾಗ ತಮಗೆ ಒಂದು ಕ್ಷಣವೂ ಅನ್ನಿಸಲಿಲ್ಲವೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಊರಿಗೊಬ್ಬರು ಇರುತ್ತಾರೆ. ಆದರೆ ಅವರನ್ನು ಇಂಥ ಸ್ಥಾವರದ ಭದ್ರತೆಗೆ ನೇಮಿಸುತ್ತಾರೆಂದು ನನಗೆ ತಿಳಿದಿರಲಿಲ್ಲ. ಇರಲಿ, ನನ್ನ ಎರಡು ನೋಟೀಸುಗಳಿಗೆ ನಾನು ವಿಚಾರಣೆಯಲ್ಲೇ ಉತ್ತರ ಕೊಡುತ್ತೇನೆ. ಈ ಪತ್ರ ತಾವು ಹೊರಡಿಸಿದ ಮೂರನೆಯ ನೋಟೀಸಿನ ಬಗ್ಗೆ. ಅದು ಹೋದದ್ದು ನಮ್ಮ ಗೇಟಿನ ಕಾವಲುಗಾರನಿಗೆ. ಅವನನ್ನು ತಾವು ಅಮಾನತಿನಲ್ಲಿಟ್ಟಿದ್ದೀರಿ. ಮುಂದಿನ ಸೋಮವಾರ ವಿಚಾರಣೆ ಮುಗಿಸಿ ಮನೆಗೇ ಕಳಿಸುತ್ತೀರಿ ಎಂಬ ಮಾತಿದೆ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ತಮ್ಮ ಯಂತ್ರಕ್ಕೆ ಅದು ಗೊತ್ತಿಲ್ಲ. ಒಳಗೆ ಕೆಲಸ ಮಾಡುವವರು ತೊಡುವ ಹಳದಿ ಅಂಗಿ-ಪ್ಯಾಂಟು, ಕಾಲುಚೀಲ, ಟೋಪಿ ಎಲ್ಲ ನಮ್ಮಲ್ಲಿಗೆ ಬರುತ್ತವೆ. ಒಳಮೈ ಹೊರಗೆ ತಿರುಗಿಸಿ, ತೋಳಿನ ತುದಿಗೆ ಅಂಟಿದ ಟೇಪು ಕಿತ್ತು, ಜೇಬಿನಲ್ಲಿ ಮರೆತ ಪೆನ್ಸಿಲ್ಲು, ಚಾಕೊಲೇಟಿನ ಕಾಗದ ತೆಗೆದು ತೊಳೆದು ಒಣಗಿಸುತ್ತೇವೆ. ಕೈಗವಸು ಹಾಕಿಕೊಂಡೇ ಮಾಡುವ ಕೆಲಸ. ಆದರೂ ಹೊರಗೆ ಬರುವಾಗ ಪ್ರತಿ ಸಲ ಕೈ ತೊಳೆಯಬೇಕು, ತೊಳೆದ ಕೈಯನ್ನು ವಿಕಿರಣ ತಪಾಸಣೆಯ ಯಂತ್ರದೊಳಗೆ ಇಡಬೇಕು. ಹಸಿರು ದೀಪ ಬಂದರೆ ಬಿಡುಗಡೆ, ಕೆಂಪು ಬಂದರೆ ಮತ್ತೆ ಸಾಬೂನು, ಮತ್ತೆ ಬ್ರಷ್ಷು. ಊಟಕ್ಕೆ ಬಂದಾಗ, ಚಹಾಕ್ಕೆ ಬಂದಾಗ, ಮೂತ್ರಕ್ಕೆ ಬಂದಾಗ ಇದೇ ಕಥೆ. ನಾನು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ. ಹಸಿರು ಬಂದ ಮೇಲೂ ಇನ್ನೊಂದು ಸಲ ತೊಳೆಯುತ್ತೇನೆ, ಮನೆಯಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳುವ ಕೈಯದು. ಅದಕ್ಕೇ ಗೇಟಿನಲ್ಲಿ ಎಲ್ಲರೂ ನನ್ನನ್ನು ಸೋಪಿನಕ್ಕ ಎಂದು ಕರೆಯುವುದು. ಹೀಗೆ ವರ್ಷಾನುಗಟ್ಟಲೆ ಉಜ್ಜಿದ್ದರ ಫಲವಾಗಿ ನನ್ನ ಬೆರಳ ತುದಿಗಳಲ್ಲಿ ಗೆರೆ ಎನ್ನುವುದೇ ಉಳಿದಿಲ್ಲ.

ಆಮೇಲೆ ತಾವು ಬೆರಳಚ್ಚಿನ ಗೇಟು ತಂದಿರಿ. ತಂದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಯಾರೋ ಒಬ್ಬ ತನ್ನ ಅಣ್ಣನ ಗುರುತಿನ ಚೀಟಿ ತೋರಿಸಿ ಒಳಗೆ ಓಡಾಡಿದ್ದ ಎಂದು ಕೇಳಿದ್ದೇನೆ. ಅಣು ಸ್ಥಾವರವೇನು ಸಂತೆಯೇ, ಬಂದವರೆಲ್ಲ ಒಳಗೆ ಹೋಗಲು? ಬೀಗ ಇರಲೇಬೇಕು. ನನ್ನ ಮನೆ ಇರುವುದೂ ಇದರ ಬೇಲಿಯಿಂದ ಕೂಗಳತೆಯಲ್ಲೇ, ಬೀಗದ ಬೆಲೆ ತಮಗಿಂತ ನನಗೆ ಹೆಚ್ಚು ಗೊತ್ತು. ಆದರೆ ಬೀಗ ಮಾಡಿಸುವಾಗ ಆ ಮನೆಯಲ್ಲಿ ಯಾರಿದ್ದಾರೆ ಎಂದು ನೋಡಿ ಮಾಡಿಸುವುದಿಲ್ಲವೇ? ತಮ್ಮ ಒಂದು ಯಂತ್ರ ಕೈಯನ್ನು ಉಜ್ಜು ಎನ್ನುತ್ತದೆ, ತಮ್ಮ ಇನ್ನೊಂದು ಯಂತ್ರ ಉಜ್ಜಿದ ಕೈ ನಿನ್ನದಲ್ಲ ಎನ್ನುತ್ತದೆ. ಗೇಟಿನ ಕಂಪನಿಯ ತಜ್ಞರನ್ನು ಕೇಳಿದೆ. ನನ್ನ ಹೆಬ್ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿ, "ಚರ್ಮ ತುಂಬಾ ಒಣಗಿದೆ ಮೇಡಂ, ಕ್ರೀಮ್ ಹಚ್ಕೊಂಡು ಬನ್ನಿ" ಎಂದರು. ವಿಕಿರಣ ಸುರಕ್ಷತೆಯವರನ್ನು ಕೇಳಿದರೆ, "ಕ್ರೀಮ್ ಹಚ್ಕೊಂಡು ಒಳಗೆ ಕಾಲಿಡ್ಬೇಡಿ, ಧೂಳು ಅಂಟ್ಕೊಳ್ಳುತ್ತೆ" ಎಂದರು. ಅತ್ತ ದರಿ ಇತ್ತ ಹುಲಿ. ಬೆರಳನ್ನು ಹೊಸದಾಗಿ ನೋಂದಾಯಿಸಿದೆ. ಕೆಲವು ದಿನ ನಡೆಯಿತು, ಅದೂ ಸವೆಯಿತು. ಒಂದಾದ ಮೇಲೊಂದು ಹತ್ತೂ ಬೆರಳು ಮುಗಿದವು. ಇನ್ನು ಕಾಲ್ಬೆರಳೇ ಗತಿ ಎಂದು ನನ್ನ ತಮ್ಮ ನಗುತ್ತಿದ್ದ. ಅವನು ಇಲ್ಲೇ ಪೈಪ್ ಫಿಟ್ಟರ್, ಬೆಳಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುವವರು.

ಹೀಗೆ ನಾವೊಂದಿಷ್ಟು ಜನ ದಿನಾ ಬೆಳಗ್ಗೆ ಗೇಟಿನ ಕೆಂಪು ದೀಪದ ಮುಂದೆ ನಿಂತುಬಿಡುತ್ತಿದ್ದೆವು. ತೊಳೆಯುವವರು, ಸಿಮೆಂಟಿನವರು, ರಾಸಾಯನಿಕದ ಡಬ್ಬಿ ಎತ್ತುವವರು. ಹಿಂದೆ ಸಾಲು ಬೆಳೆಯುತ್ತಿತ್ತು. ಸಾಲು ನಿಲ್ಲಬಾರದು, ಹೇಗೋ ನಡೆಸಿಕೊಂಡು ಹೋಗಿ ಎಂದು ಗೇಟಿಗೆ ಬಾಯಿಮಾತಿನ ಆಜ್ಞೆ ಬಂದದ್ದು ತಮ್ಮ ಕಚೇರಿಯಿಂದಲೇ. ಬಾಯಿಮಾತಿಗೆ ಸಹಿ ಇರುವುದಿಲ್ಲ, ಅದೇ ಅದರ ಅನುಕೂಲ. ಆ "ಹೇಗೋ" ಎಂಬುದನ್ನು ಹೊತ್ತುಕೊಂಡವನು ಗೇಟಿನ ಕಾವಲುಗಾರ. ಎರಡೂ ಕಡೆ ಹುರಿ ಮಾಡಿದ ಮೀಸೆ ಇರುವುದರಿಂದ ನಮಗೆಲ್ಲ ಅವನು ಮೀಸೆಯಣ್ಣ. ನಮ್ಮ ಚೀಟಿ ನೋಡಿ, ಮುಖ ನೋಡಿ, ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ಕೇಳಿ, ತನ್ನ ಬೆರಳನ್ನು ಯಂತ್ರದ ಮೇಲಿಟ್ಟು ಬಾಗಿಲು ತೆರೆಯುತ್ತಿದ್ದ. ಇದಕ್ಕೆ ಗೇಟಿನಲ್ಲಿ ಒಂದು ಹೆಸರೇ ಬಿದ್ದಿತ್ತು: ಬೆರಳು ಕೊಡುವುದು. "ಮೀಸೆಯಣ್ಣ, ಸ್ವಲ್ಪ ಬೆರಳು ಕೊಡು" ಎಂದರೆ, "ತಗೊಳ್ಳಕ್ಕ, ಸಂಜೆ ವಾಪಸ್ ಕೊಡು" ಎನ್ನುತ್ತಿದ್ದ. ಒಳಗೆ ಹೋಗುತ್ತಿದ್ದುದು ನಾವು, ಯಂತ್ರ ಬರೆದುಕೊಳ್ಳುತ್ತಿದ್ದುದು ಅವನ ಹೆಸರು. ಅದರಲ್ಲಿ ಏನು ಅಪಾಯವಿದೆ ಎಂದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಹೊಳೆಯಬೇಕಾದ ಕುರ್ಚಿಯಲ್ಲಿ ತಾವಿದ್ದಿರಿ.

ಅಪಾಯ ಏನೆಂದು ಸೈರನ್ ಕೂಗಿದ ದಿನ ಗೊತ್ತಾಯಿತು. ಪಕ್ಕದ ಕಟ್ಟಡದಲ್ಲಿ ಹಬೆಯ ಕೊಳವೆ ಸೀಳಿತ್ತು. ಬರೀ ಹಬೆ ಎಂದು ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಅದು ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಹೊರಗಿನ ಮೈದಾನಕ್ಕೆ ಓಡಿದರು. ನಾನು ಓಡಲಿಲ್ಲ, ಏಕೆಂದರೆ ನನಗೆ ಕೇಳಿಸಲಿಲ್ಲ. ಒಣಗಿಸುವ ಡ್ರಮ್ಮುಗಳ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕು ಎಂಬುದು ತಮ್ಮದೇ ನಿಯಮ. ಕಿವಿ ಮುಚ್ಚಿದವರಿಗಾಗಿ ಇರುವ ಕೆಂಪು ದೀಪ ಹೊರಗಿನ ಕೋಣೆಯಲ್ಲಿದೆ, ನಾನು ಒಳಗಿನ ಕೋಣೆಯಲ್ಲಿ ಕಾಲುಚೀಲ ಜೋಡಿ ಮಾಡುತ್ತಿದ್ದೆ. ನನ್ನ ಜೊತೆಗಾರ್ತಿಗೆ ಅಂದು ರಜೆ.

ಮೊದಲೆಲ್ಲ ಮೈದಾನದಲ್ಲಿ ಪ್ರತಿ ವಿಭಾಗದ ಮೇಸ್ತ್ರಿ ತನ್ನವರನ್ನು ಹೆಸರು ಹಿಡಿದು ಕೂಗುತ್ತಿದ್ದ. ಓಗೊಡದಿದ್ದರೆ ಹುಡುಕುತ್ತಿದ್ದರು. ತಾವು ಅದನ್ನು ಹಳೆಯ ಪದ್ಧತಿ ಎಂದು ನಿಲ್ಲಿಸಿದಿರಿ. ಈಗ ಒಳಗೆ ಹೋದ ಬೆರಳು, ಹೊರಗೆ ಬಂದ ಬೆರಳು ಎರಡನ್ನೂ ಯಂತ್ರ ತಾಳೆ ನೋಡುತ್ತದೆ. ಅಂದೂ ನೋಡಿತು. ಎಲ್ಲರೂ ಹೊರಗೆ ಬಂದಿದ್ದಾರೆ ಎಂದು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಬರೆಯಿತು. ತಮ್ಮ ಸಿಬ್ಬಂದಿ ನಿಟ್ಟುಸಿರು ಬಿಟ್ಟು ಕಟ್ಟಡದ ಬಾಗಿಲುಗಳನ್ನು ಹೊರಗಿನಿಂದ ಮುಚ್ಚಲು ಹೊರಟರು. ನನ್ನ ತಮ್ಮ ಮಾತ್ರ ಜನರ ನಡುವೆ ತಲೆ ಎತ್ತಿ ಎತ್ತಿ ನೋಡುತ್ತಿದ್ದನಂತೆ.

"ಸಾರ್, ನಮ್ಮಕ್ಕ ಕಾಣ್ತಿಲ್ಲ. ಬಟ್ಟೆ ತೊಳೆಯೋ ಕಡೆ ಇರೋರು."

ತಮ್ಮ ಕಚೇರಿಯ ಅಧಿಕಾರಿಯೊಬ್ಬರು ಪರದೆ ನೋಡಿ, "ಅವ್ರು ಇವತ್ತು ಡ್ಯೂಟಿಗೇ ಬಂದಿಲ್ಲಪ್ಪ" ಎಂದರು.

"ಬಂದಿಲ್ಲ ಅಂದ್ರೇನು ಸಾರ್? ಬೆಳಿಗ್ಗೆ ನನ್ ಪಕ್ಕದಲ್ಲೇ ಕೂತ್ಕೊಂಡು ಬಂದ್ಳು!"

"ಯಂತ್ರ ಸುಳ್ಳು ಹೇಳಲ್ಲ. ಗಾಬರಿ ಬಿಡು, ಮನೆಗೆ ಫೋನ್ ಮಾಡಿ ನೋಡು."

ಅವನು ಒಳಗೆ ನುಗ್ಗಲು ಹೋದಾಗ ಇಬ್ಬರು ತೋಳು ಹಿಡಿದು ನಿಲ್ಲಿಸಿದರು. ಆಗ ಹಿಂದಿನಿಂದ ಮೀಸೆಯಣ್ಣ ಮುಂದೆ ಬಂದ. ಬಾಯಿ ತೆರೆದರೆ ಕೆಲಸ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಅವನನ್ನು ಕೇಳುವವರು ಯಾರೂ ಇರಲಿಲ್ಲ, ಪರದೆ ಹಸಿರಾಗಿಯೇ ಇತ್ತು. "ಸೋಪಿನಕ್ಕ ಒಳಗಿದ್ದಾಳೆ ಸಾರ್. ನಾನೇ ಬೆರಳು ಕೊಟ್ಟು ಬಿಟ್ಟಿದ್ದೀನಿ. ಮೊದ್ಲು ಅವಳನ್ನ ಕರ್ಕೊಂಡ್ ಬನ್ನಿ, ನನ್ನ ಆಮೇಲೆ ನೋಡ್ಕೊಳ್ಳಿ" ಎಂದನಂತೆ. ಮುಖವಾಡ ತೊಟ್ಟ ಇಬ್ಬರು ಬಂದು ನನ್ನ ಭುಜ ಮುಟ್ಟಿದಾಗ ನನ್ನ ಕೈಯಲ್ಲಿ ಇನ್ನೂ ಒಂಟಿ ಕಾಲುಚೀಲವಿತ್ತು. ನಾನು ಹೊರಗೆ ಬಂದಾಗ ನನ್ನ ತಮ್ಮ ಮಗುವಿನಂತೆ ಅಳುತ್ತಿದ್ದ. ಇವತ್ತಿಗೂ ಡ್ರಮ್ಮು ಶುರುವಾದರೆ ನನಗೆ ಭಯವಾಗುತ್ತದೆ. ಹೇಳಲು ನಾಚಿಕೆಯೇನಿಲ್ಲ.

ಇದಕ್ಕೆ ತಾವು ಕಂಡುಕೊಂಡ ಪರಿಹಾರ ಮೀಸೆಯಣ್ಣನ ಅಮಾನತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ ಅಲ್ಲವೇ? ಅವನ ನೋಟೀಸಿನಲ್ಲೂ "ಯಂತ್ರವು ಸುಳ್ಳು ಹೇಳುವುದಿಲ್ಲ" ಎಂದು ಬರೆದಿದ್ದೀರಿ. ನಿಜ, ಹೇಳುವುದಿಲ್ಲ. ಆದರೆ ಅದಕ್ಕೆ "ಗೊತ್ತಿಲ್ಲ" ಎನ್ನಲೂ ಬರುವುದಿಲ್ಲ. ನಮ್ಮ ತೊಳೆಯುವ ಕೋಣೆಯಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರನ್ನೇ ನಾವು ನಂಬುವುದು. ಮೀಸೆಯಣ್ಣ ಈಗ ಮನೆಯಿಂದ ಹೊರಗೆ ಬರುತ್ತಿಲ್ಲ. ನೋಡಲು ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ನಿಂತು, "ನಿಮ್ಮನ್ನ ಉಳಿಸೋಕೆ ಹೋಗಿ ನಾವು ಮುಳುಗಿದ್ವಿ ಅಕ್ಕ" ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಇದ್ದದ್ದನ್ನು ಹೇಳಿದಳು, ಒಳಗೆ ಕರೆದು ಕೂರಿಸಿ ನೀರೂ ಕೊಟ್ಟಳು. ನನ್ನ ಜೀವಕ್ಕೆ ಇನ್ನೊಂದು ಮನೆಯ ಅನ್ನ ತೆರಬೇಕಾಗಿ ಬಂದರೆ ಆ ಜೀವವನ್ನು ನಾನು ಯಾವ ಮುಖ ಇಟ್ಟುಕೊಂಡು ಬಾಳಲಿ?

ಆದ್ದರಿಂದ ನಾನು ಕೇಳುವುದು ಇಷ್ಟು. ಮೀಸೆಯಣ್ಣನ ಅಮಾನತನ್ನು ಸೋಮವಾರಕ್ಕೆ ಮೊದಲು ರದ್ದು ಮಾಡಿ, ಅವನನ್ನು ಅದೇ ಗೇಟಿಗೆ ವಾಪಸ್ ಕರೆಸಿ. ಮೈದಾನದಲ್ಲಿ ಹೆಸರು ಕೂಗುವುದನ್ನು ಮತ್ತೆ ಶುರು ಮಾಡಿಸಿ, ತಮ್ಮ ಪರದೆ ಪಕ್ಕದಲ್ಲಿ ಬೇಕಾದರೆ ಇರಲಿ. ಬೆರಳು ಸವೆದವರಿಗೆ ಕಣ್ಣೋ ಮುಖವೋ ಯಾವುದು ಆದೀತೋ ಅದನ್ನು ತಜ್ಞರನ್ನು ಕೇಳಿ ವ್ಯವಸ್ಥೆ ಮಾಡಿ. ಕೇಳುವಾಗ ಕೈ ತೊಳೆಯುವ ನಮ್ಮನ್ನೂ ಆ ಕೋಣೆಗೆ ಕರೆಯಿರಿ.

ನಿಯಮ ಎಂದರೆ ನಿಯಮ, ಬೆರಳು ಕೊಟ್ಟವನಿಗೆ ಕ್ಷಮೆಯಿಲ್ಲ ಎನ್ನುತ್ತೀರಾ? ಹಾಗಾದರೆ ಒಂದು ದಿನವನ್ನು ತಮಗೆ ನೆನಪಿಸಬೇಕು. ಗೇಟು ಹೊಸದಾಗಿ ಬಂದ ತಿಂಗಳು ತಾವು ಅದನ್ನು ನೋಡಲು ಬಂದಿದ್ದಿರಿ. ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು, ಹಣ್ಣು ಹೆಚ್ಚುವಾಗ ಕುಯ್ದುಕೊಂಡೆ ಎಂದು ಜೊತೆಗಿದ್ದವರಿಗೆ ಹೇಳುತ್ತಿದ್ದಿರಿ. ಬೇರೆ ಬೆರಳು ಇಟ್ಟಿರಿ, ಕೆಂಪು. ಇನ್ನೊಂದು ಇಟ್ಟಿರಿ, ಕೆಂಪು. ಬಟ್ಟೆಯ ಗಂಟು ಹೊತ್ತು ನಾನು ತಮ್ಮ ಬೆನ್ನ ಹಿಂದೆಯೇ ಸಾಲಿನಲ್ಲಿದ್ದೆ. ಮೀಸೆಯಣ್ಣ ಬಂದು ತನ್ನ ಬೆರಳು ಇಟ್ಟ. ತಾವು ಅವನ ಬೆನ್ನು ತಟ್ಟಿ, "ಒಳ್ಳೆ ಬೆರಳಪ್ಪ ನಿಂದು" ಎಂದು ನಗುತ್ತಾ ಒಳಗೆ ಹೋದಿರಿ. ವಿಚಾರಣೆಯಲ್ಲಿ ಇದನ್ನು ಹೇಳು ಎಂದು ನಾನು ಅವನಿಗೆ ಹೇಳಿದೆ. "ಬೇಡಕ್ಕ, ಸಾಹೇಬ್ರಿಗೆ ಮುಜುಗರ ಆಗುತ್ತೆ" ಎಂದ. ಅದಕ್ಕೇ ನಾನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಅಂದು ತಾವು ಒಳಗಿದ್ದಾಗ ಸೈರನ್ ಕೂಗಿದ್ದರೆ ಪರದೆ ಹಸಿರಾಗಿಯೇ ಇರುತ್ತಿತ್ತು. ಸಾಹೇಬರು ಒಳಗಿದ್ದಾರೆ ಎಂದು ಕೂಗಿ ಹೇಳಲು ಅವನೊಬ್ಬನೇ ಇರುತ್ತಿದ್ದ, ಅವನು ಹೇಳುತ್ತಿದ್ದ.

ಇಂತಿ,
ಅಂದು ಕೆಲಸಕ್ಕೆ ಬಾರದೆಯೇ ಒಳಗೆ ಹೋಗಿದ್ದ,
ತಮ್ಮ ನಿಯಮ ಪಾಲಿಸಿ ಪಾಲಿಸಿ ಬೆರಳು ಕಳೆದುಕೊಂಡ,
ಸೋಪಿನಕ್ಕ
(ಹೆಬ್ಬೆಟ್ಟು ಒತ್ತಿದರೆ ಮೂಡುವುದಿಲ್ಲವಾದ್ದರಿಂದ ಸಹಿಯನ್ನೇ ಹಾಕಿದ್ದೇನೆ)