ನಲವತ್ಮೂರು ದೃಷ್ಟಿಬೊಟ್ಟು

ಗುಳೇದಗುಡ್ಡ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ತೊಂಬತ್ತು

ನನ್ನ ಅಜ್ಜಿಯ ಅಜ್ಜಿಯಾದ ಭುವನೇಶ್ವರಿಗೆ ಫಕೀರವ್ವ ಮಾಡುವ ನಮಸ್ಕಾರ.

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಅಲ್ಲಿ ಚೆನ್ನಾಗಿರು ಎಂದು ಹಾರೈಸುವ ಅಗತ್ಯ ನನಗಿಲ್ಲ. ನೀನು ಮದುವೆಯಾಗಿ, ಮಗಳನ್ನು ಹೆತ್ತು, ಎಂಬತ್ತೆಂಟು ವರ್ಷ ಗಟ್ಟಿಯಾಗಿ ಬಾಳಿದೆ. ಇಲ್ಲವಾದರೆ ಈ ಕಾಗದ ಬರೆಯಲು ನಾನೆಲ್ಲಿ ಹುಟ್ಟುತ್ತಿದ್ದೆ? ಈ ಕಾಗದ ಮುಟ್ಟುವಾಗ ನಿನಗೆ ಇಪ್ಪತ್ತನಾಲ್ಕು, ನನಗೆ ಎಪ್ಪತ್ತೊಂಬತ್ತು. ನೀನು ನನ್ನ ಹಿರಿಯಳು ಹೌದು, ಆದರೆ ವಯಸ್ಸಿನ ಲೆಕ್ಕದಲ್ಲಿ ಬೈಯುವ ಹಕ್ಕು ನನ್ನದೇ ಎಂಬುದು ಮೊದಲೇ ತಿಳಿದಿರಲಿ.

ನನ್ನ ಮಾತಿನಲ್ಲಿ ನಿನಗೆ ಗುರುತು ಸಿಗದ ಶಬ್ದಗಳು ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಬೇಕು. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕೂತವಳು. ಇಲ್ಲಿ ಬಾಯಲ್ಲಿ ಹೇಳಿದ್ದನ್ನು ಗೋಡೆಯೇ ಬರೆದುಕೊಳ್ಳುತ್ತದೆ, ಆದರೆ ಗೋಡೆ ನನ್ನ ಮಾತನ್ನು ತೊಳೆದು ಮಡಿ ಮಾಡಿ ಬರೆಯುತ್ತದೆ. ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ಇದು ಹಿಂದೋಲೆ. ಹಿಂದೋಲೆ ಎಂದರೆ ಹಿಂದಿನ ಕಾಲಕ್ಕೆ ಹಾಕುವ ಕಾಗದ. ಬಾಗಲಕೋಟೆಯ ಅಂಚೆಮನೆಯಲ್ಲಿ ಗುರುವಾರಕ್ಕೊಮ್ಮೆ ತೆಗೆದುಕೊಳ್ಳುತ್ತಾರೆ. ಮುಟ್ಟುತ್ತದೆಯೋ ಇಲ್ಲವೋ ಎಂದು ಯಾರೂ ಆಣೆ ಇಟ್ಟು ಹೇಳುವುದಿಲ್ಲ, ಏಕೆಂದರೆ ಅಲ್ಲಿಂದ ಮಾರುತ್ತರ ಬಂದದ್ದಿಲ್ಲ. ದೇವರಿಗೂ ನಾವು ಹಾಗೆಯೇ ಅರ್ಜಿ ಹಾಕುತ್ತ ಬಂದವರಲ್ಲವೇ.

ವಿಷಯಕ್ಕೆ ಬರುತ್ತೇನೆ. ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ ನಿನ್ನವು ಎರಡು ವಸ್ತು ಉಳಿದಿವೆ. ಒಂದು ಫೋಟೋ: ನೀನು ಕಿವಿಗೆ ದೊಡ್ಡ ಬಟ್ಟಲುಗಳನ್ನು ಕಟ್ಟಿಕೊಂಡು, ಮೈಕಿನ ಮುಂದೆ ಬಾಯಿ ತೆರೆದು ನಿಂತಿದ್ದೀ. ಇನ್ನೊಂದು ಆರು ಪುಟದ ಕರಾರು. ಹುಬ್ಬಳ್ಳಿಯ ಯಾವುದೋ ಆಟದ ಕಂಪನಿಗೆ ನಿನ್ನ ದನಿ ಕೊಡುವೆನೆಂದು ನೀನು ಸಹಿ ಹಾಕಿದ್ದೀ. ನಮ್ಮ ವಂಶದಲ್ಲಿ ದನಿ ಕೊಟ್ಟವರಲ್ಲಿ ನೀನೇ ಮೊದಲಿಗಳು, ನನ್ನ ಅಕ್ಕ ಬಸಲಿಂಗವ್ವ ಕೊನೆಯವಳು. ಆ ಸಹಿ ಹಾಕುವ ಮುಂಚೆ ಈ ಕಾಗದ ನಿನ್ನ ಕೈ ಸೇರಲಿ ಎಂದೇ ತಾರೀಖು ನೋಡಿ ಹಾಕಿಸುತ್ತಿದ್ದೇನೆ.

ನಮ್ಮೂರಲ್ಲಿ ಈಗಲೂ ಖಣ ನೇಯುತ್ತಾರೆ. ನೆಲದ ನೀರು ಬತ್ತಿ ಗಾಳಿಯಿಂದ ಹಿಂಡಿದ ನೀರು ಕುಡಿಯುವ ಕಾಲ ಬಂತು, ಊರ ಮೇಲೆ ತಂತಿಗೆ ತೂಗುಬಿದ್ದು ಓಡುವ ತೂಗುಬಂಡಿ ಬಂತು, ಆದರೂ ಕುಪ್ಪಸಕ್ಕೆ ಖಣ ಬೇಕೇ ಬೇಕು, ರೊಟ್ಟಿಗೆ ಅಗಸಿ ಹಿಂಡಿ ಬೇಕೇ ಬೇಕು. ಮಗ್ಗದ ಓಣಿಯ ತುದಿಗೆ ಒಂದು ಹುಣಸೆಮರ, ಅದರ ಕೆಳಗೆ ಆಟ ಕಟ್ಟುವ ಮನೆ. ನೀವು ಸ್ಟುಡಿಯೋ ಅನ್ನುತ್ತೀರಿ, ನಾವು ಹುಣಸೆಮನೆ ಅನ್ನುತ್ತಿದ್ದೆವು. ಹತ್ತೊಂಬತ್ತು ಜನ. ಯಜಮಾನ ರಾಚಪ್ಪ ಉಂಕಿ, ನೇಕಾರರ ಮಗ, ಬಾಯಿ ಕಡಿಮೆ, ಕೈ ಬಲು ಚುರುಕು. ಅವರು ಕಟ್ಟಿದ ಆಟ 'ಏಳುಕೆರೆ'. ಕಣ್ಪಟ್ಟಿ ಎಂದು ಒಂದು ಅರಿವೆಯ ಪಟ್ಟಿ ಇದೆ, ಅದನ್ನು ಕಟ್ಟಿಕೊಂಡರೆ ಕೂತ ಕಟ್ಟೆಯೇ ಬೇರೆ ಊರಾಗುತ್ತದೆ. ಏಳುಕೆರೆಯಲ್ಲಿ ಒಣಗಿದ ಏಳು ಕೆರೆಗಳನ್ನು ಒಂದೊಂದಾಗಿ ತುಂಬಿಸುತ್ತ ಹೋಗಬೇಕು. ಹೂಳು ತೆಗೆಯಬೇಕು, ತೂಬು ಹುಡುಕಬೇಕು, ಊರವರ ಜಗಳ ಬಗೆಹರಿಸಬೇಕು. ನಿಜವಾದ ಕೆರೆಯನ್ನೇ ನೋಡದವರು ಸಂಜೆ ಕೆಲಸ ಮುಗಿಸಿ ಬಂದು ಆ ನೀರಿನ ದಂಡೆಯಲ್ಲಿ ಕೂತುಕೊಳ್ಳುತ್ತಿದ್ದರು. ಎಷ್ಟೋ ಮಂದಿ ಆಟ ಗೆಲ್ಲಲು ಬರುತ್ತಲೇ ಇರಲಿಲ್ಲ. ಸುಮ್ಮನೆ ಕೂರಲು ಬರುತ್ತಿದ್ದರು.

ಮೂರನೆಯ ಕೆರೆಯ ಒಗೆಯುವ ಕಲ್ಲಿನ ಮೇಲೆ ಒಬ್ಬಳು ಮುದುಕಿ ಇದ್ದಳು. ಬಂದವರಿಗೆ ಒಗಟು ಹಾಕುತ್ತಿದ್ದಳು, ತಪ್ಪು ಹೇಳಿದರೆ ಬೈಯುತ್ತಿದ್ದಳು. ಒಗಟು, ಬೈಗುಳ ಎರಡೂ ನಾನು ಕಟ್ಟಿಕೊಟ್ಟವು, ದನಿ ಅಕ್ಕನದು. ಅವಳು ಮಾತಿಗೆ ಮುಂಚೆ ಕರುವನ್ನು ಕರೆಯುವ ಹಾಗೆ ನಾಲಿಗೆ ಲೊಚಗುಟ್ಟಿಸುವಳು, ಆಮೇಲೆ ಕೇಳುವಳು: "ಹೊಟ್ಟಿ ತುಂಬಿದಾಗ ಸುಮ್ಮನ ಮಲಗತೈತಿ, ಹಸದಾಗ ನೂರು ಬಾಯಿ ತೆರಿತೈತಿ. ಏನ ಹೇಳು ನೋಡೂಣು, ಶಾಣ್ಯಾ?" ಉತ್ತರ ಕಾಲ ಕೆಳಗೇ ಬಿರುಕು ಬಿಟ್ಟುಕೊಂಡು ಬಿದ್ದಿರುತ್ತಿತ್ತು, ಕೆರೆ. ಜಪಾನಿನಿಂದ ಒಬ್ಬಾತ ಬೈಸಿಕೊಳ್ಳಲೆಂದೇ ಬೇಕಂತ ತಪ್ಪು ಹೇಳುತ್ತಾನೆ ಎಂದು ರಾಚಪ್ಪ ಹೇಳಿದಾಗ ಅಕ್ಕ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಆಟದ ಎರಡನೆಯ ಭಾಗ ಮುಗಿದ ವರ್ಷ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ಕಣ್ಪಟ್ಟಿ ಕಟ್ಟಿಕೊಂಡು ಆ ಕಲ್ಲಿನ ಹತ್ತಿರ ಹೋದೆ. ಅವಳು ಲೊಚಗುಟ್ಟಿ ಒಗಟು ಕೇಳಿದಳು. ನಾನೇ ಕಟ್ಟಿದ್ದ ಒಗಟಿಗೆ ನಾನು ತಪ್ಪು ಉತ್ತರ ಹೇಳಿದೆ.

ಈಗ ದೃಷ್ಟಿಬೊಟ್ಟಿನ ಮಾತು. ಕೂಸಿನ ಕೆನ್ನೆಗೆ ಕಾಡಿಗೆ ಇಡುತ್ತೀರಲ್ಲ, ಅದೇ. ನಮ್ಮ ಓಣಿಯಲ್ಲಿ ಖಣಕ್ಕೂ ಇಡುತ್ತಾರೆ. ಪ್ರತಿ ಖಣದಲ್ಲಿ ಬೇಕೆಂದೇ ಒಂದು ಎಳೆ ಬೇರೆ ಬಣ್ಣದ್ದು ಸೇರಿಸುತ್ತಾರೆ, ಕೆಟ್ಟ ಕಣ್ಣು ಅಲ್ಲಿಗೆ ಹೋಗಿ ನಿಲ್ಲಲಿ ಎಂದು. ಹುಣಸೆಮನೆಯವರು ನೇಕಾರರ ಮಕ್ಕಳೇ ಆದ್ದರಿಂದ ಆಟಕ್ಕೂ ಇಟ್ಟರು. ಒಂದು ಊರಿನಲ್ಲಿ ಎಮ್ಮೆಗೆ ಐದು ಕಾಲು. ಒಂದು ಗುಡಿಯಲ್ಲಿ ಕಂಬದ ನೆರಳು ಸೂರ್ಯನ ಕಡೆಗೇ ಬೀಳುತ್ತದೆ. ಒಂದು ಮನೆಯ ಬಾಗಿಲು ತೆರೆದರೆ ಗೋಡೆ. ಹೀಗೆ ಒಟ್ಟು ನಲವತ್ಮೂರು, ಅಕ್ಕನ ಲೊಚಗುಟ್ಟುವಿಕೆಯೇ ಕಡೆಯದು. ಆಡುವವರು ಅವನ್ನು ಹುಡುಕಿ ಹುಡುಕಿ ಸುಖಪಡುತ್ತಿದ್ದರು. ಆದರೆ ಇದಕ್ಕೆ ಒಂದು ಕಟ್ಟಳೆ ಇದೆ: ಇಟ್ಟವರು ಬಾಯಿಬಿಟ್ಟು ಹೇಳಬಾರದು, ಬರೆದಿಡಬಾರದು. ಹೇಳಿದರೆ ಬೊಟ್ಟಿನ ಬಲ ಹೋಯಿತು.

ನಮ್ಮ ಆಟವನ್ನು ಲೋಕಕ್ಕೆ ಮುಟ್ಟಿಸುತ್ತಿದ್ದ ದೊಡ್ಡ ಮನೆಯ ಹೆಸರು ತ್ರಿಲೋಕ ಕ್ರೀಡಾ. ಹುಣಸೆಮನೆಯೂ ಅವರದೇ, ಏಳುಕೆರೆಯೂ ಅವರದೇ. ಯಾವಾಗಲೋ ರಾಚಪ್ಪ ಬರೆದುಕೊಟ್ಟಿದ್ದ. ಅವರಿಗೆ ಹೊಟ್ಟೆಬಾಕತನ. ಒಂದೇ ವರ್ಷ ನಲವತ್ತು ಆಟ ಕಟ್ಟಿಸಲು ಹೊರಟು, ಸಮುದ್ರದೊಳಗೊಂದು ಅರಮನೆ ಕಟ್ಟಿಸಿ, ಹನ್ನೊಂದು ವರ್ಷದ ಹಿಂದೆ ದಿವಾಳಿ ಎದ್ದರು. ನಮ್ಮ ಆಟ ಚೆನ್ನಾಗಿ ನಡೆಯುತ್ತಿತ್ತು, ನಮಗೇನು ಎಂದುಕೊಂಡಿದ್ದೆವು. ಮದುವೆಯ ಹಂದರ ಬಿದ್ದರೆ ಅಡುಗೆಯವರ ಮೇಲೂ ಬೀಳುತ್ತದೆ ಎಂಬಷ್ಟು ಬುದ್ಧಿ ಇರಲಿಲ್ಲ.

ಆಗ ಬಂದವರು ಬಿಡಿಸುವವರು. ಮುಳುಗಿದ ಕಂಪನಿಯ ಹೆಣಿಗೆಯನ್ನು ಎಳೆಎಳೆಯಾಗಿ ಬಿಡಿಸಿ ಹಂಚಲು ಕೋರ್ಟು ಕಳಿಸುವ ಜನಕ್ಕೆ ಆ ಹೆಸರು. ನಮ್ಮಲ್ಲಿಗೆ ಬಂದವಳು ಮೃಣಾಲಿನಿ ಕಂಠಿ. ಕೆಟ್ಟವಳಲ್ಲ, ಬಾದಾಮಿ ಕಡೆಯ ಹೆಣ್ಣುಮಗಳು, ಹುಣಸೆಮರದ ಕೆಳಗೆ ಮೂರು ದಿನ ಕೂತು ಆಟವನ್ನು ತುದಿಯಿಂದ ತುದಿಗೆ ನೋಡಿದಳು. ಆಟದಲ್ಲಿ ದೋಷ ಕಂಡರೆ ಬೆಲೆ ಇಳಿಯುತ್ತದೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು. ನನ್ನ ತಲೆ ಓಡಿತು ನೋಡು, ಆ ಹಾಳು ತಲೆ. ಹತ್ತೊಂಬತ್ತು ಜನರನ್ನೂ ಮನೆಗೆ ಕರೆದು ರೊಟ್ಟಿ ಬಡಿದು ಹಾಕಿ ಹೇಳಿದೆ:

"ಬಾಯಿ ಮುಚ್ಚಿಕೊಂಡು ಕುಂದರ್ರಿ. ಕುಂಟ ಎಮ್ಮಿ ಅಂತ ಅವರ ಬರಕೊಂಡ್ರ, ಸಂತ್ಯಾಗ ಅದನ್ನ ಕೇಳವರು ನಾವ ಒಬ್ಬರ."

ಎಲ್ಲರೂ ನಕ್ಕರು. ರಾಚಪ್ಪ ಮಾತ್ರ ರೊಟ್ಟಿ ಮುರಿಯುತ್ತ ಕೂತಿದ್ದ. ಬೊಟ್ಟಿನ ಗುಟ್ಟು ಹೇಳಬಾರದೆಂಬ ಕಟ್ಟಳೆ ಇದ್ದೇ ಇತ್ತು, ಮೇಲೆ ಬೆಲೆ ಇಳಿದರೆ ನಾವೇ ಅಗ್ಗಕ್ಕೆ ಕೊಳ್ಳೋಣ ಎಂಬ ನನ್ನ ಉಪಾಯವೂ ಸೇರಿತು. ಮರುದಿನ ಮೃಣಾಲಿನಿ ತನ್ನ ಪಟ್ಟಿ ಹಿಡಿದು, ಈ ನಲವತ್ಮೂರಕ್ಕೆ ಏನಾದರೂ ಕಾರಣ ಉಂಟೇ ಎಂದು ಎರಡು ಸಲ ಕೇಳಿದಳು. ಎರಡನೆಯ ಸಲ ನನ್ನ ಮುಖವನ್ನೇ ನೋಡಿ ಕೇಳಿದಳು. ನಾನು ಹುಣಸೆಕಾಯಿ ಎಣಿಸುತ್ತ ನಿಂತೆ.

ಬಿಡಿಸುವವರ ಕಾನೂನು ನಮಗೆ ಗೊತ್ತಿರಲಿಲ್ಲ. ದೋಷ ತುಂಬಿದ ಇಡೀ ವಸ್ತುವಿಗಿಂತ ಅದರ ತುಂಡುಗಳಿಗೆ ಬೆಲೆ ಜಾಸ್ತಿಯಾದರೆ, ತುಂಡು ಮಾಡಿಯೇ ಮಾರಬೇಕಂತೆ. ಕುಂಟ ಎಮ್ಮೆಯನ್ನು ಸಂತೆಗೆ ಹೊಡೆಯುವುದಿಲ್ಲ, ಕಟುಕರಿಗೆ ಹೊಡೆಯುತ್ತಾರೆ; ಅದು ಸಣ್ಣ ಕೂಸಿಗೂ ಗೊತ್ತು, ನನಗೆ ಮರೆತಿತ್ತು. ಏಳುಕೆರೆ ಎಂಬ ಹೆಸರು ಸಿಹಿನೀರಿನ ಬಾಟಲಿಯವರ ಪಾಲಾಯಿತು. ಊರು, ಗುಡಿ, ಗುಡ್ಡಗಳು ಬೇರೊಬ್ಬರಿಗೆ ಹೋದವು, ಅವರು ಅವನ್ನು ಯಾವುದೋ ಯುದ್ಧದ ಆಟಕ್ಕೆ ಹಾಸಿ ಬಾಂಬು ಹಾಕಿಸುತ್ತಾರೆ. ಮುಂದಿನ ಭಾಗ ಕಟ್ಟುವ ಹಕ್ಕು ಕೊಂಡವರು ನಾಲ್ಕು ವರ್ಷದ ಮೇಲೆ ಒಂದು ಹೊಸ ಆಟ ತಂದರು. ಎಮ್ಮೆಗೆ ನಾಲ್ಕೇ ಕಾಲು. ನೆರಳು ಬೀಳಬೇಕಾದ ಕಡೆಗೇ ಬೀಳುತ್ತದೆ. ಒಗೆಯುವ ಕಲ್ಲು ಇದೆ, ಮೇಲೆ ಯಾರೂ ಇಲ್ಲ. ಹುಣಸೆಮನೆಯ ಹತ್ತೊಂಬತ್ತು ಜನ ಕಾಳು ಚೆಲ್ಲಿದ ಹಾಗೆ ಚೆಲ್ಲಿಹೋದರು. ಇಬ್ಬರು ಆಸ್ಪತ್ರೆಗಳಿಗೆ ಚಿತ್ರ ಬರೆಯುತ್ತಾರೆ, ಒಬ್ಬಾಕೆ ಅಮೀನಗಡದಲ್ಲಿ ಕರದಂಟು ಕಟ್ಟುತ್ತಾಳೆ. ರಾಚಪ್ಪ ಮಗ್ಗಕ್ಕೆ ಮರಳಿದ.

ಅಕ್ಕನ ದನಿ ಬೇರೆಯದೇ ಗಂಟಾಗಿ ತೂಗುಬಂಡಿಯವರಿಗೆ ಹೋಯಿತು. ದನಿ ಕೊಂಡವರು ಅದರಿಂದ ಏನನ್ನು ಬೇಕಾದರೂ ನುಡಿಸಬಹುದು. ಅವರು ಮೊದಲು ಮಾಡಿದ ಕೆಲಸ ಲೊಚಗುಟ್ಟುವುದನ್ನು ಒರೆಸಿದ್ದು. ಈಗ ಬಾಗಲಕೋಟೆಯಿಂದ ಬಾದಾಮಿಯವರೆಗೆ ಪ್ರತಿ ನಿಲ್ದಾಣದಲ್ಲಿ ನನ್ನ ಅಕ್ಕ ಹೇಳುತ್ತಾಳೆ, ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ. ಹುಟ್ಟಿದಾಗಿನಿಂದ ಸಾಯುವವರೆಗೆ ಅವಳು ಯಾರಿಗೂ ದಯವಿಟ್ಟು ಅಂದವಳಲ್ಲ. ನಾನು ತಿಂಗಳಿಗೊಮ್ಮೆ ಆ ಬಂಡಿ ಹತ್ತಿ ತುದಿಯವರೆಗೆ ಹೋಗಿ ಬರುತ್ತೇನೆ. ಬೇರೆ ಕೆಲಸವೇನೂ ಇರುವುದಿಲ್ಲ. ಬಾಗಿಲ ಹತ್ತಿರವೇ ನಿಲ್ಲುತ್ತೇನೆ, ನನಗೇ ಹೇಳಲಿ ಎಂದು.

ಒಮ್ಮೆ ಅಲ್ಲೇ ಮೃಣಾಲಿನಿ ಸಿಕ್ಕಳು. ತಲೆ ನರೆತಿತ್ತು. ನನ್ನನ್ನು ಗುರುತು ಹಿಡಿದು ಪಕ್ಕಕ್ಕೆ ಬಂದು ಕೂತಳು. ಬಹಳ ಹೊತ್ತು ಇಬ್ಬರೂ ಅಕ್ಕನ ದನಿ ಕೇಳಿದೆವು. ಕಡೆಗೆ ನಾನು ಬೊಟ್ಟಿನ ಗುಟ್ಟು ಹೇಳಿದೆ, ಕಾಯಲು ಇನ್ನೇನು ಉಳಿದಿತ್ತು? ಅವಳು ಕಣ್ಣು ಮುಚ್ಚಿಕೊಂಡಳು.

"ಇದೊಂದ ಮಾತು ಅವತ್ತ ಹೇಳಿದ್ರ, ಅದು ದೋಷ ಅಲ್ಲ, ಕಸಬು ಅಂತ ಬರೀತಿದ್ನೆಲ್ಲ ಅಜ್ಜಿ. ಯಾರ ಕೈಗ್ಯಾರ ಹೋಗಲಿ, ಇಡಿಯಾಗಿ ಹೋಗತಿತ್ತು. ಅಕ್ಕಾರು ಕಲ್ಲಿನ ಮ್ಯಾಲೇ ಇರತಿದ್ರು."

ಭುವನೇಶ್ವರೀ, ನಿನ್ನ ಕಂಪನಿಯೂ ಮುಂದೊಂದು ದಿನ ಮುಳುಗುತ್ತದೆ, ನನ್ನ ಅಜ್ಜಿ ಹೇಳಿದ್ದು. ನಿನ್ನ ದನಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಬಾಯಿ ತೆರೆದ ಫೋಟೋ ಇದೆ, ಅದರಿಂದ ಏನು ಹೊರಟಿತು ಎಂಬುದನ್ನು ನಾವು ಯಾರೂ ಕೇಳಿಲ್ಲ. ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಆ ಫೋಟೋ ಮುಂದಿಟ್ಟುಕೊಂಡು ನೀನು ಏನು ಹೇಳುತ್ತಿರಬಹುದೆಂದು ಜಗಳವಾಡುತ್ತಿದ್ದೆವು. ಬೈಯುತ್ತಿದ್ದಾಳೆ ಎಂದು ಅಕ್ಕ, ನಗುತ್ತಿದ್ದಾಳೆ ಎಂದು ನಾನು.

ನನ್ನದು ಒಂದೇ ಬೇಡಿಕೆ. ಆ ಆರನೆಯ ಪುಟದಲ್ಲಿ ನಿನ್ನ ಸಹಿಯ ಮೇಲೆ ನಾಲ್ಕು ಬೆರಳು ಜಾಗ ಖಾಲಿ ಇದೆ. ಅಲ್ಲಿ ಒಂದು ಸಾಲು ಬರೆಸು: ಕಂಪನಿ ಬಿದ್ದ ದಿನ ದನಿ ಮನೆಗೆ ಬರಬೇಕು. ಅವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ. ಸಣ್ಣ ಹುಡುಗಿ ಎಂದು ನಗುತ್ತಾರೆ, ನಗಲಿ. ನಾನು ಸುಮ್ಮನಿದ್ದ ಹಾಗೆ ನೀನು ಹುಣಸೆಕಾಯಿ ಎಣಿಸುತ್ತ ನಿಂತೆಯೋ, ಜೋಕೆ. ಒಬ್ಬಳು ಬರೆಸಿದರೆ ಇನ್ನೊಬ್ಬಳು ಕೇಳುತ್ತಾಳೆ. ನೂರು ವರ್ಷ ಕೇಳಿದರೆ ಅದೇ ಕಟ್ಟಳೆಯಾಗುತ್ತದೆ. ಕಟ್ಟಳೆಗಳು ಆಕಾಶದಿಂದ ಬೀಳುವುದಿಲ್ಲ, ಯಾವಳೋ ಒಬ್ಬಳು ಹಟ ಹಿಡಿದದ್ದರಿಂದ ಹುಟ್ಟುತ್ತವೆ.

ಈ ಕಾಗದಕ್ಕೂ ನಾನೊಂದು ದೃಷ್ಟಿಬೊಟ್ಟು ಇಟ್ಟಿದ್ದೇನೆ. ಈ ಸಲ ಬಾಯಿಬಿಟ್ಟು ಹೇಳುತ್ತೇನೆ, ಬಲ ಹೋದರೆ ಹೋಗಲಿ: ಫೆಬ್ರವರಿ ಮೂವತ್ತು ನಮ್ಮ ಕಾಲದಲ್ಲೂ ಇಲ್ಲ.

ಸಾಲು ಬರೆಸಿ ಸಹಿ ಹಾಕಿದ ಮೇಲೆ ಈ ಹಾಳೆಯನ್ನು ಒಮ್ಮೆ ತೆಗೆದು ನೋಡು. ಅಕ್ಷರಗಳೆಲ್ಲ ಅಳಿಸಿ ಬರೀ ಹಾಳೆ ಉಳಿದಿದ್ದರೆ ಹೆದರಬೇಡ. ನನಗೆ ಇದನ್ನು ಬರೆಯುವ ಪ್ರಸಂಗವೇ ಬರಲಿಲ್ಲ ಎಂದು ತಿಳಿ. ಆ ಹೊತ್ತಿಗೆ ಅಕ್ಕನ ದನಿ ಮನೆಗೆ ಬಂದಿರುತ್ತದೆ, ನಾನು ಮೂರನೆಯ ಕೆರೆಯ ದಂಡೆಯಲ್ಲಿ ಅಕ್ಕನಿಂದ ಬೈಸಿಕೊಳ್ಳುತ್ತ ಕೂತಿರುತ್ತೇನೆ.

ಇಂತಿ ನಿನ್ನ ಮೊಮ್ಮಗಳ ಮೊಮ್ಮಗಳು,
ಫಕೀರವ್ವ