ಅಣ್ಣಾ ಅದಾನಲ್ರಿ, ಸರ್

ಗೋಕಾಕ
೧೨ ಜನವರಿ ೨೦೨೫, ರವಿವಾರ

ಪ್ರೀತಿಯ ತಂಗಿ ಆಮ್ರಪಾಲಿಗೆ ಅಣ್ಣ ಸಿದ್ರಾಮನ ಜೈ ಭೀಮ.

ಹೇಗಿದ್ದೀ? ಕಾಲಿನ ಗುಳ್ಳೆ ಒಣಗಿದವೇ? ಪೊಲೀಸ್ ತರಬೇತಿ ಎಂದ ಮೇಲೆ ಓಟ ತಪ್ಪಿದ್ದಲ್ಲ. ಆದರೆ ಹೊಸ ಬೂಟು ಹಾಕಿಕೊಂಡು ಮೊದಲ ದಿನವೇ ಓಡಬೇಡ ಎಂದು ನಾನು ಬಡಬಡಿಸಿದ್ದು ನಿನ್ನ ಕಿವಿಗೆ ಹೋಗಲೇ ಇಲ್ಲ. ಅಲ್ಲಿ ನಿಮ್ಮ ಮೊಬೈಲ್ ಇಸಿದುಕೊಂಡು ರವಿವಾರ ಮಾತ್ರ ಚೂರು ಹೊತ್ತು ಕೊಡುತ್ತಾರೆ. ಆ ಚೂರು ಹೊತ್ತನ್ನೂ ಅವ್ವ ‘ಉಂಡಿಯೇನ? ಏನ ಉಂಡಿ?’ ಎಂದು ಕೇಳುವುದರಲ್ಲೇ ಮುಗಿಸುತ್ತಾಳೆ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ಅಲ್ಲಿ ಸೀಟಿ ಊದಿರುತ್ತಾರೆ. ಅದಕ್ಕೇ ಈ ಕಾಗದ.

ಅವ್ವ ಆರಾಮ ಇದ್ದಾಳೆ. ನಾಳೆ ಭೋಗಿ ಎಂದು ಸಜ್ಜೆ ಬೀಸಿಸಿಕೊಂಡು ಬಂದಿದ್ದಾಳೆ. ನೀನಿಲ್ಲದೆ ರೊಟ್ಟಿಗೆ ಎಳ್ಳು ಹಚ್ಚುವವರು ಯಾರು ಎಂದು ಬೆಳಿಗ್ಗೆಯಿಂದ ಗೊಣಗುತ್ತಿದ್ದಾಳೆ. ನನ್ನದೇನು ಹೇಳಲಿ? ಕಬ್ಬು ನುರಿಸುವ ಹಂಗಾಮು. ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಪಾಳಿ. ಸ್ನಾನ ಮಾಡಿದರೂ ಮೈಯಿಂದ ಕಾಕಂಬಿಯ ವಾಸನೆ ಹೋಗುವುದಿಲ್ಲ. ದಣಿದಿದ್ದೇನೆ, ಆಮ್ರಪಾಲಿ. ಮಲಗಿ ಎದ್ದರೂ ಹೋಗದಂಥ ದಣಿವು. ಸಂಜೆ ಗ್ರೌಂಡಿನಲ್ಲಿ ಬಾಸ್ಕೆಟ್‌ಬಾಲು ಕೈಗೆ ಬಂದಾಗ ಮಾತ್ರ ಮೈ ಹಗುರಾಗುತ್ತಿತ್ತು. ಈಗ ಮೊಣಕಾಲು ಕೈಕೊಟ್ಟು ಅದಕ್ಕೂ ಕುತ್ತು ಬಂದಿದೆ. ಆ ಸುದ್ದಿಯನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿನ್ನ ಮುದ್ದಿನ ತಮ್ಮನ ಸುದ್ದಿ. ಅವನು ಬಾಜೂಕ್ಕೇ ಕುಳಿತು ನಾನು ಬರೆದ ಸಾಲನ್ನೆಲ್ಲ ಓದುತ್ತಿದ್ದಾನೆ, ಜಾಸ್ತಿ ಹೊಗಳಿದರೆ ತಲೆ ಮೇಲೆ ಕೂರುತ್ತಾನೆ. ಆದರೂ ಖರೆ ಹೇಳುತ್ತೇನೆ, ನೀನು ಹೋದ ಮೇಲೆ ಸುಶಾಂತ ಬಹಳ ಬೆಳೆದಿದ್ದಾನೆ. ನಿನಗೆ ನೆನಪಿದೆಯಲ್ಲ, ನಾನು ಅವನ ಬಲಗೈಯನ್ನು ನಿನ್ನ ಓಢಣಿಯಿಂದ ಬೆನ್ನಿಗೆ ಕಟ್ಟಿ ಎಡಗೈಯಲ್ಲಿ ಬಾಲು ಬಡಿಯಲು ಕಲಿಸಿದ್ದೆ? ಅಳುತ್ತ ಅಳುತ್ತ ಅಂಗಳವೆಲ್ಲ ಸುತ್ತಿದ್ದ. ಈಗ ಎದುರಿಗಿದ್ದವನು ಬಲಕ್ಕೆ ಬಾಗುವುದರೊಳಗೆ ಇವನು ಎಡಗೈಯಲ್ಲಿ ಬಾಲು ತೆಗೆದುಕೊಂಡು ರಿಂಗಿನ ಕೆಳಗೆ ಹೋಗಿ ನಿಂತಿರುತ್ತಾನೆ. ಜಿಗಿದರೆ ನಮ್ಮ ಉಮೇಶನ ಸಮಕ್ಕೆ ಕೈ ಹೋಗುತ್ತದೆ. ನಮ್ಮ ತಂಡದಲ್ಲಿ ಉಮೇಶನಷ್ಟು ಎತ್ತರದವನು ಇನ್ನೊಬ್ಬನಿಲ್ಲ.

ಆದರೆ ರಿಂಗಿನ ಕೆಳಗೆ ನಿಂತು ಬಾಲು ಹಾಕುವುದಿಲ್ಲ ನೋಡು! ನಿಂತು ನನ್ನನ್ನು ಹುಡುಕುತ್ತಾನೆ. ಅಪ್ಪ ಹೋದ ಮೇಲೆ ಅವ್ವ ಕಲಿಸಿದ ರೂಢಿ ನಿನಗೆ ಗೊತ್ತೇ ಇದೆ, ಕೈಗೆ ಏನು ಬಂದರೂ ಮೊದಲು ಅಣ್ಣನ ಮುಂದೆ ಹಿಡಿಯಬೇಕು. ಸಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಕೊಟ್ಟ ಬೂಂದಿ ಲಾಡು ಸಹ ಕಿಸೆಯಲ್ಲಿ ಪುಡಿಪುಡಿಯಾಗಿ ನನ್ನ ಕೈಗೇ ಬರುತ್ತಿತ್ತು. ಈಗ ಬಾಲೂ ಹಾಗೇ ಬರುತ್ತದೆ. ಡಿಸೆಂಬರಿನಲ್ಲಿ ಮೂಡಲಗಿಯ ಪಂದ್ಯದಲ್ಲಿ ಇನ್ನೇನು ಸೀಟಿ ಆಗಬೇಕು, ನಾವು ಒಂದೇ ಒಂದು ಪಾಯಿಂಟು ಹಿಂದೆ. ಇವನು ಬುಟ್ಟಿಯ ಕೆಳಗೆ ಒಬ್ಬನೇ ನಿಂತಿದ್ದಾನೆ, ಅಡ್ಡ ಒಂದು ನರಪಿಳ್ಳೆ ಇಲ್ಲ. ಸುಮ್ಮನೆ ಕೈ ಎತ್ತಿದ್ದರೆ ಸಾಕಿತ್ತು. ಇವನು ತಿರುಗಿ, ದೂರ ಗೆರೆಯ ಹತ್ತಿರ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ನನಗೆ ಎಸೆದ. ಅವರು ಕಸಿದುಕೊಂಡರು. ಮುಗಿಯಿತು. ನಮ್ಮ ಕೋಚ್ ಬೀರಸಿದ್ದಪ್ಪ ಸರ್ ತಲೆಯ ಟೋಪಿ ತೆಗೆದು ನೆಲಕ್ಕೆ ಬಡಿದರು. ‘ಯಾಕೋ ತಮ್ಮಾ, ನಿನಗ ಬುಟ್ಟಿ ಕಾಣಲಿಲ್ಲೇನ?’ ಎಂದರೆ ಇವನು ಏನು ಹೇಳಿದ ಗೊತ್ತೇ? ‘ಅಣ್ಣಾ ಅದಾನಲ್ರಿ, ಸರ್.’ ಅಷ್ಟೇ. ನಾನು ಮನೆಗೆ ಬಂದು ಬೈದೆ, ರಮಿಸಿದೆ. ತಲೆಯಾಡಿಸಿದ. ಮರುದಿನ ಮತ್ತೆ ಅದೇ ರಾಗ.

ಮುಂದೆ ಹುಕ್ಕೇರಿಯ ಪಂದ್ಯ. ಕ್ರೀಡಾ ಹಾಸ್ಟೆಲಿಗೆ ಹುಡುಗರನ್ನು ಆರಿಸುವವರು ನೋಡಲು ಬರುತ್ತಾರೆ ಎಂದು ಸುದ್ದಿ ಇತ್ತು. ಸುಶಾಂತನ ವಯಸ್ಸಿನವರಿಗೆ ಇದೇ ಕೊನೆಯ ವರ್ಷ. ಬೀರಸಿದ್ದಪ್ಪ ಸರ್ ನನ್ನನ್ನು ಬದಿಗೆ ಕರೆದು, ‘ನಿಮ್ಮಿಬ್ಬರನ್ನೂ ಕೂಡಿಸಿ ಐದರಾಗ ಹಾಕಿದ್ರ ನಾ ನಾಕು ಮಂದಿ ಆಡಿಸಿದಂಗ ಆಗತೈತಿ ಸಿದ್ರಾಮ. ಒಬ್ಬರು ಬೆಂಚಿನ ಮ್ಯಾಲೆ ಕೂಡಬೇಕು. ನೀ ಕ್ಯಾಪ್ಟನ್ ಅದಿ, ಹಿರ್‍ಯಾ ಅದಿ. ಸುಶಾಂತನ್ನ ಕೂಡಸ್ತೇನಿ’ ಎಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರಿಗೆ ಪಂದ್ಯ ಗೆಲ್ಲಬೇಕಿತ್ತು. ಮನೆಗೆ ಬಂದು ಹೇಳಿದೆ. ಇವನು ‘ಆತು’ ಎಂದು ಹೇಳಿ, ತನ್ನ ಬೂಟನ್ನು ನನ್ನ ಬೂಟಿನ ಜೊತೆಗೇ ಒರೆಸಿ ಇಟ್ಟ. ನನಗೆ ಅನ್ನ ಇಳಿಯಲಿಲ್ಲ.

ಪಂದ್ಯದ ಹಿಂದಿನ ದಿನ ಅಭ್ಯಾಸದಲ್ಲಿ ಜಿಗಿದು ಇಳಿಯುವಾಗ ನನ್ನ ಬಲ ಮೊಣಕಾಲು ಹೊರಳಿತು. ಅಲ್ಲೇ ಕುಸಿದು ಕುಳಿತೆ. ಉಮೇಶ ಹೆಗಲು ಕೊಟ್ಟು ಎಬ್ಬಿಸಿದ. ಬೀರಸಿದ್ದಪ್ಪ ಸರ್ ಹಣೆ ಚಚ್ಚಿಕೊಂಡರು. ನನ್ನ ಜಾಗಕ್ಕೆ ಸುಶಾಂತನನ್ನು ಹಾಕದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಹುಕ್ಕೇರಿಯಲ್ಲಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ನಾನು ಬೆಂಚಿನ ಮೇಲೆ ಕುಳಿತೆ. ಬಾಲು ಮೊದಲ ಸಲ ಕೈಗೆ ಬಂದಾಗ ಇವನು ರಿಂಗಿನ ಕೆಳಗೆ ಹೋಗಿ ನಿಂತು, ರೂಢಿಯಂತೆ ಹುಡುಕಿದ. ಹುಡುಕಿ ಹುಡುಕಿ ಬೆಂಚಿನ ಕಡೆಗೂ ನೋಡಿದ. ನಾನು ತಲೆ ತಗ್ಗಿಸಿ ಪಟ್ಟಿ ಬಿಗಿಮಾಡುತ್ತ ಕುಳಿತೆ. ತಲೆ ಎತ್ತುವಷ್ಟರಲ್ಲಿ ಜನ ಕೂಗುತ್ತಿದ್ದರು, ಬಾಲು ಬುಟ್ಟಿಯಿಂದ ಕೆಳಗೆ ಬೀಳುತ್ತಿತ್ತು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ ಆಮ್ರಪಾಲಿ! ಪಂದ್ಯ ಸೋತೆವು, ಆ ಮಾತು ಬೇರೆ. ನೋಡಲು ಬಂದಿದ್ದವರು ಇವನ ಹೆಸರು ಬರೆದುಕೊಂಡು ಹೋದರು. ಸಂಕ್ರಮಣ ಮುಗಿಸಿಕೊಂಡು ಧಾರವಾಡದ ಶಿಬಿರಕ್ಕೆ ಹೊರಡಬೇಕು. ಅಲ್ಲಿ ಪಾಸಾದರೆ ಹಾಸ್ಟೆಲು. ಅವ್ವ ಅಂಕಲಗಿಯ ಸಾತವ್ವ ಅತ್ತೆಯವರೆಗೂ ಡಂಗುರ ಸಾರಿದ್ದಾಳೆ. ಇವನೊಬ್ಬನೇ ‘ಅಣ್ಣನ ಕಾಲು ನೆಟ್ಟಗಾಗೂತನಕಾ ನಾ ಹೋಗಂಗಿಲ್ಲ’ ಎಂದು ಹಟ ಹಿಡಿದಿದ್ದ. ಹೋಗದಿದ್ದರೆ ಇನ್ನೊಂದು ಕಾಲನ್ನೂ ಮುರಿದುಕೊಳ್ಳುತ್ತೇನೆ ಎಂದು ಹೆದರಿಸಿ ಒಪ್ಪಿಸಿದ್ದೇನೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮ ಕೋಣೆಯ ಹುಡುಗಿಯರಿಗೂ ನನ್ನ ನೆನಪು ತಿಳಿಸು. ನೀನು ಖಾಕಿ ತೊಟ್ಟು ಮನೆಯ ಹೊಸ್ತಿಲು ದಾಟುವ ದಿನಕ್ಕೆ ಅವ್ವ ಕಾಯುತ್ತಿದ್ದಾಳೆ, ನಾನೂ. ಒಳ್ಳೆಯದಾಗಲಿ.

ನಿನ್ನ ಅಣ್ಣ,
ಸಿದ್ರಾಮ

ತಾ.ಕ.: ಕಾಗದ ಪೂರ್ತಿ ಓದಿ ನಕ್ಕು, ಸುಶಾಂತ ಲಕೋಟೆ ತರಲು ಅಂಗಡಿಗೆ ಹೋಗಿದ್ದಾನೆ. ಬರುವುದರೊಳಗೆ ಬರೆಯಬೇಕು. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಹೊರಳಲಿಲ್ಲ, ಉಳುಕಲಿಲ್ಲ. ಸುಮ್ಮನೆ ಬಿದ್ದೆ. ನಾನೇ ಬೆಂಚಿನ ಮೇಲೆ ಕೂಡುತ್ತೇನೆ ಎಂದು ಹೇಳಿದ್ದರೆ ಇವನು ಆಡಲು ಇಳಿಯುತ್ತಿರಲಿಲ್ಲ. ಸರ್‌ಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ಇವನು ಫೋನಿನಲ್ಲಿ ಕೇಳಿದರೆ ಮಳೆಗಾಲದವರೆಗೂ ಅಣ್ಣ ಆಡುವಂತಿಲ್ಲ ಎಂದೇ ಹೇಳು. ಇಲ್ಲದಿದ್ದರೆ ಶಿಬಿರ ಬಿಟ್ಟು ಬಂದು ಮತ್ತೆ ನನ್ನ ಕೈಗೆ ಬಾಲು ಕೊಡುತ್ತಾನೆ. ಆಡುವ ಆಸೆ ನನಗೆ ಬಹಳ ಇದೆ ಆಮ್ರಪಾಲಿ, ಆದರೆ ಇವನು ಅಲ್ಲಿ ನೆಲೆಯಾಗುವ ತನಕ ಗ್ರೌಂಡಿನ ಕಡೆ ಹೋಗುವುದಿಲ್ಲ. ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ತಂದು ಬಲ ಮೊಣಕಾಲಿಗೆ ತಿಕ್ಕುತ್ತಾನೆ. ನಿನ್ನೆ ಕಾರ್ಖಾನೆಯಿಂದ ದಣಿದು ಬಂದವನು ಮರೆತು ಎಡಗಾಲು ಚಾಚಿದೆ. ಅವನು ಕಾಲು ನೋಡಿದ, ನನ್ನ ಮುಖ ನೋಡಿದ. ಆಮೇಲೆ ಎಡಗಾಲಿಗೇ ಎಣ್ಣೆ ತಿಕ್ಕಿದ. ಗೊತ್ತಾಗಿಯೇ ತಿಕ್ಕಿದನೋ ಏನೋ, ಕೇಳುವ ಧೈರ್ಯ ನನಗಿಲ್ಲ. ನೀನೂ ಕೇಳಬೇಡ. ಬಂದ.