ಎಫ್ರೇಮಣ್ಣನ ಹಿಂದಿನ ಸೀಟು

ಆಗಸ್ಟ್ 11

ನಾಲ್ಕು ಚಕ್ರದ ಬೈಕನ್ನು ಕಂಡುಹಿಡಿದವನು ನಾನು. ಲೋಕಕ್ಕೆ ಗೊತ್ತಿಲ್ಲ, ಅಷ್ಟೆ. ಹದಿಮೂರು ವರ್ಷವಿದ್ದಾಗ ಪಾದ್ರಿಗಳ ಹುಲ್ಲು ಕತ್ತರಿಸುವ ಮಶೀನಿನ ಎಂಜಿನ್ನು ಬಿಚ್ಚಿ, ಮಗು ತಳ್ಳುವ ಗಾಡಿಯ ಚಕ್ರ ಜೋಡಿಸಿ, ಕಡಲ ದಂಡೆಯ ಮೇಲೆ ಓಡಿಸಿದ್ದೆ. ಬಂದರಿಗೆ ಬಂದ ಹಡಗಿನವನೊಬ್ಬ ನಿಂತು ನೋಡಿದ. ಜೇಬಿನಿಂದ ಪೆನ್ಸಿಲ್ ತೆಗೆದು ಏನೋ ಗೀಚಿಕೊಂಡು ಹೋದ. ಆಮೇಲೆ ಜಗತ್ತಿನ ತುಂಬ ಬೈಕು. ನನಗೆ ಒಂದು ಥ್ಯಾಂಕ್ಸ್ ಇಲ್ಲ.

ಅಂಥವನ ಬೈಕು ಇವತ್ತು ಸತ್ತಿತು. ಸೌದೆ ಎಳೆಯುವಾಗ ಎಂಜಿನ್ ಸೀಜ್. ಉಳಿದ ಸೌದೆಯನ್ನು ಕೈಗಾಡಿಯಲ್ಲಿ ತಂದು ಅಣ್ಣನ ಮನೆ ಪಕ್ಕ ಒಟ್ಟಿದೆ.

ಅಣ್ಣ ಎಫ್ರೇಮ್ ಕಿಟಕಿಯಲ್ಲಿ ಕೂತು ನೋಡುತ್ತಿದ್ದ. ಸಕ್ಕರೆ ಕಾಯಿಲೆಗೆ ಏಪ್ರಿಲಿನಲ್ಲಿ ಬಲಗಾಲು ಹೋಯಿತು, ಮೊಣಕಾಲಿನಿಂದ ಕೆಳಗೆ. ಈಗ ಕಿಡ್ನಿಯ ಸರದಿ. ಮುಂದಿನ ವರ್ಷ ನೋಡುತ್ತಾನೆ ಎನ್ನುವ ಭರವಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಅವನ ಮಗಳು ವೆರ್ನಾಗೆ ಹೇಳಿದ್ದಾರೆ. ಅವನಿಗೂ ಗೊತ್ತು.

"ಬೈಕ್ ಹೋಯ್ತೇನೋ ಸೆಲ್ಬಿ?"

"ಹೋಯ್ತು."

"ಹಂಗಾದ್ರೆ ನನ್ನ ಲೂನ್ ಕೆರೆಗೆ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯಾ?"

ತಮಾಷೆಗೆ ಕೇಳಿದ. ಪೂರಾ ತಮಾಷೆಯಲ್ಲ. ಎಷ್ಟೋ ವರ್ಷದ ಮೇಲೆ ಈ ಸಲ ಮೂಸ್ ಜಿಂಕೆ ಬೇಟೆಯ ಪರವಾನಗಿ ಚೀಟಿ ಎತ್ತಿದಾಗ ನಮ್ಮಿಬ್ಬರ ಹೆಸರು ಬಂದಿದೆ. ಲೂನ್ ಕೆರೆ ದಡದ ಕ್ಯಾಬಿನ್ನು ನಾವಿಬ್ಬರೇ ಕಟ್ಟಿದ್ದು. ಅಲ್ಲಿಗೆ ರಸ್ತೆ ಇಲ್ಲ. ಕಿತ್ತುಹಾಕಿದ ರೈಲು ದಾರಿ, ಆಮೇಲೆ ಜೌಗು, ಆಮೇಲೆ ಹೊಳೆ, ಹೊಳೆಯಾಚೆ ಕಡಿದಾದ ಏರು. ಅವನಿಗೆ ಗುಂಡು ಹಾರಿಸುವ ಆಸೆಯೂ ಇಲ್ಲ. ಆ ಬಾಗಿಲಲ್ಲಿ ಕೂತು ಒಂದು ಲೋಟ ಚಹಾ. ಅಷ್ಟೆ.

ಆಗಸ್ಟ್ 14

ಮಂಜು. ವೆರ್ನಾ ಉಪ್ಪು ಮೀನು ಬೇಯಿಸಿದ್ದಳು. ಮೇಜಿನ ತುಂಬ ಬೈಕುಗಳ ಚಿತ್ರ.

ನನಗೆ ಬೇಕಾದ್ದು ಕೆಲಸದ ಗಾಡಿ. ಹಿಂದೆ ಗಟ್ಟಿ ಆಕ್ಸಲ್, ಕೆಸರಲ್ಲಿ ಹೂತರೆ ಎಳೆದುಕೊಳ್ಳಲು ಮುಂದೆ ವಿಂಚು, ಸೌದೆ ಹೇರಿದ ಟ್ರೇಲರ್ ಎಳೆದರೂ ಕುಂಡೆ ಕೆಳಗಾಗಬಾರದು. ಅಣ್ಣನಿಗೆ ಮೆತ್ತನೆಯ ಸವಾರಿ ಬೇಕು. ಕಲ್ಲು ಸಿಕ್ಕರೆ ಚಕ್ರ ಮಾತ್ರ ಏರಿಳಿಯಬೇಕು, ಬೆನ್ನಿಗೆ ಗೊತ್ತಾಗಬಾರದು. ಇಬ್ಬರೂ ಕೂಗಾಡಿದೆವು.

"ಚಿಕ್ಕಪ್ಪ, ಅದೆಲ್ಲ ನೀವಿಬ್ರು ಕಿತ್ತಾಡ್ಕೊಳ್ಳಿ," ಎಂದಳು ವೆರ್ನಾ. "ನಂಗೆ ಒಂದೇ ಒಂದು. ಹಿಂದೆ ಸೀಟಿರ್ಬೇಕು. ಕಂಪನಿಯವ್ರೇ ಮಾಡಿದ ಸೀಟು. ಒರಗೋಕೆ ಬೆನ್ನು, ಹಿಡ್ಕೊಳ್ಳೋಕೆ ಹಿಡಿ."

"ಕಾರಿನ ಥರ ಅಕ್ಕಪಕ್ಕ ಕೂರೋದು ಬರುತ್ತಲ್ಲ, ಅದು?" ಅಣ್ಣ ಕೇಳಿದ.

"ಹೊಳೆ ಮೇಲಿನ ಹಲಗೆ ಸೇತುವೆ ಎಷ್ಟು ಅಗಲ ಐತೆ ಮಾರಾಯ? ನಿನ್ನ ಕುಂಡೆ ಹಾಯೋದೇ ಕಷ್ಟ."

"ನಂದು ಈಗ ಒಂದು ಕಾಲಿನಷ್ಟು ಕಮ್ಮಿ ಆಗಿದೆ ಕಣೋ."

ವೆರ್ನಾ ನಗಲಿಲ್ಲ. ಚಿತ್ರದ ಕೆಳಗಿನದನ್ನು ಓದಿ ಹೇಳಿದಳು: ಎರಡು ಸೀಟಿನದು ಉದ್ದ ಜಾಸ್ತಿ, ಹಿಂದೆ ಆಳು ಕೂತರೂ ಏರಿನಲ್ಲಿ ಮೂತಿ ಎತ್ತುವುದಿಲ್ಲ. ಒಂದು ಸೀಟಿನದು ಗಿಡ್ಡ, ಎತ್ತಿಬಿಡುತ್ತದೆ. ನನಗೆ ಪಾಠ! ಬೈಕು ಕಂಡುಹಿಡಿದವನಿಗೆ! ಆದರೂ ಒಪ್ಪಿದೆ. ಎರಡು ಸೀಟು.

ಆಗಸ್ಟ್ 22

ಪೇಟೆಯ ಅಂಗಡಿಗೆ ಹೋಗಿದ್ದೆ. ಹಸಿರು ಬಣ್ಣದ್ದು ಒಂದಿತ್ತು, ಸೆಕೆಂಡ್ ಹ್ಯಾಂಡು, ಎರಡು ಸೀಟು. ವಿಂಚು ಇದೆ, ಕೊಂಡಿ ಇದೆ, ಸೌದೆಗೂ ಆಗುತ್ತದೆ, ಅಣ್ಣನಿಗೂ ಆಗುತ್ತದೆ. ಕೆಳಗೆ ತೂರಿ ಮಲಗಿ ಚಾಸಿ ನೆಕ್ಕಿದೆ. ದೋಣಿ ಎಳೆಯಲು ಕಡಲಿಗಿಳಿಸಿದ ಬೈಕಾದರೆ ಎಷ್ಟು ತೊಳೆದರೂ ಮೂಲೆಯಲ್ಲಿ ಉಪ್ಪು ಉಳಿದಿರುತ್ತದೆ. ಒಳಗಿಂದ ತಿಂದುಹಾಕುತ್ತದೆ.

"ಅಂಕಲ್, ಮನೇಲಿ ತಿಂಡಿ ಆಗಿಲ್ವಾ?" ಮಾರುವವನ ಹೆಸರು ಕ್ಲೂನಿ. ಬಾಯಿ ಜೋರು.

"ಸಪ್ಪೆ ಐತೆ. ತಗೋತೀನಿ."

ನನ್ನ ಚೌಕಾಸಿಗೆ ಬೆವತು ಹೋದ. ಒಂಬತ್ತು ಸಾವಿರದ ನಾನೂರಕ್ಕೆ ಇಳಿಸಿದೆ. ಬೋರ್ಡಿನಲ್ಲಿ ಬರೆದದ್ದೂ ಅಷ್ಟೇ ಇತ್ತು, ಆದರೆ ಅವನು ಏರಿಸದ ಹಾಗೆ ನೋಡಿಕೊಂಡೆ. ಶುಕ್ರವಾರದವರೆಗೆ ಇಟ್ಟಿರುತ್ತಾನಂತೆ.

ದುಡ್ಡು ಅಣ್ಣನದು. ಜೂನಿನಲ್ಲಿ ದೋಣಿ ಮಾರಿದ್ದು. ಅವನಿಗೆ ಚೆಕ್ಕು ಎಂದರೆ ಆಗದು, ಲಕೋಟೆಯಲ್ಲಿ ನೋಟೇ ಕೊಡುತ್ತಾನೆ.

ಆಗಸ್ಟ್ 28

ಬೈಕು ಬಂತು. ಕೆಂಪು. ಒಂದು ಸೀಟು.

ದಾರಿಯಲ್ಲಿ ಕ್ಲಬ್ಬಿನಲ್ಲಿ ನಿಂತೆ. ಒಂದೇ ಒಂದು ಬಿಯರಿಗೆ. ಮೂಲೆಯ ಲಾಟರಿ ಮಶೀನು ಖಾಲಿ ಇತ್ತು. ಇಪ್ಪತ್ತು ಡಾಲರ್ ಹಾಕಿದೆ, ಎಂಬತ್ತು ಬಂತು. ಇದೇ ಕೈಯಲ್ಲಿ ಆಡಿದರೆ ಅಣ್ಣನಿಗೆ ಹೊಚ್ಚ ಹೊಸದನ್ನೇ ತರಬಹುದು ಅನ್ನಿಸಿತು. ಹಿಡಿಕೆ ಬೆಚ್ಚಗಾಗುವುದು ಒಂದಿತ್ತು ಅಂಗಡಿಯಲ್ಲಿ... ಬೆರಳು ಮರಗಟ್ಟುತ್ತವೆ ಪಾಪ ಅವನಿಗೆ. ಸ್ವಲ್ಪ ಹೋಯಿತು. ನಲವತ್ತು. ನೂರೇ ಅನ್ನೋಣ.

ಅಂಗಡಿಯಲ್ಲಿ ಹಸಿರಿನದಕ್ಕೆ ದುಡ್ಡು ಸಾಲಲಿಲ್ಲ. ಕೈಯಲ್ಲಿದ್ದುದಕ್ಕೆ ಸಿಕ್ಕಿದ್ದು ಈ ಕೆಂಪು. ಎಂಜಿನ್ ಮಾತ್ರ ಗೂಳಿ.

ಅಣ್ಣ ಊರುಗೋಲಿನಲ್ಲಿ ಅಂಗಳಕ್ಕೆ ಬಂದಿದ್ದ. ಕೋಟು ಹಾಕಿಕೊಂಡು. ಕೂತು ಒಂದು ಸುತ್ತು ಬರಲು.

"ಹಸಿರು ಬಣ್ಣದ್ದು ಎಲ್ಲೋ?"

"ಚಾಸಿ ಬಿರುಕು ಬಿಟ್ಟಿತ್ತು. ಹಿಂದಿನ ಚಕ್ರದ ಮೇಲೆ. ಬಣ್ಣ ಬಳಿದು ಮುಚ್ಚಿದ್ದ ಕಳ್ಳ."

"ಹೋದ್ಸಲ ಕಾಣ್ಲಿಲ್ವಾ?"

"ಹೋದ್ಸಲ ಮಳೆ. ಕತ್ತಲು. ಇದು ನೋಡು, ಎಂಜಿನ್ ಹೊಸದು. ಒಂಬತ್ತು ಸಾವಿರ ಚಿಲ್ಲರೆ, ಸಮ ಆಯ್ತು."

ಅಣ್ಣ ನನ್ನ ಬೆನ್ನಿಗೊಂದು ಗುದ್ದಿದ. "ನಿನ್ನ ಕಣ್ಣು ಕಣ್ಣೇ ಕಣೋ. ನಾನಾಗಿದ್ರೆ ಮೋಸ ಹೋಗ್ತಿದ್ದೆ."

ವೆರ್ನಾ ಬೈಕಿನ ಸುತ್ತ ಒಂದು ಸಲ ನಡೆದಳು. "ಅಪ್ಪ ಎಲ್ಲಿ ಕೂರೋದು?"

ಸೆಪ್ಟೆಂಬರ್ 3

ಎಲ್ಲಿ ಕೂರುವುದು ಅಂದರೆ? ಈ ಬಂದರಿನಲ್ಲಿ ಯಾರ ಮಕ್ಕಳು, ಯಾರ ನಾಯಿ ಮೀನಿನ ಡಬ್ಬದಲ್ಲಿ ಕೂತು ಬೆಳೆದಿಲ್ಲ? ಹಿಂದಿನ ಕ್ಯಾರಿಯರ್ ಮೇಲೆ ದೊಡ್ಡ ಬೂದು ಡಬ್ಬ ಇಟ್ಟೆ. ನಾಲ್ಕೂ ಮೂಲೆಗೆ ಬಲೆಯ ಹಗ್ಗ. ಒಳಗೆ ಎರಡು ದಿಂಬು. ನನ್ನ ಗಂಟು ಬಿಚ್ಚುವವನು ಈ ದ್ವೀಪದಲ್ಲಿ ಹುಟ್ಟಿಲ್ಲ.

ವೆರ್ನಾ ಬಂದು ನೋಡಿ, "ಇದು ಅಪ್ಪಂಗೆ ಸೀಟಾ? ಮೀನಿಗೆ ಇಡೋ ಜಾಗ ಇದು!" ಎಂದಳು.

"ನಾನೂ ಹಳೇ ಮೀನೇ ಬಿಡೇ," ಎಂದ ಅಣ್ಣ. "ವಾಸನೆನೂ ಹೊಂದುತ್ತೆ."

ಈ ಸಲ ನನಗೂ ನಗು ಬರಲಿಲ್ಲ.

ಸೆಪ್ಟೆಂಬರ್ 6

ಬಿಸಿಲು. ಅಣ್ಣನನ್ನು ಎತ್ತಿ ಡಬ್ಬದಲ್ಲಿ ಕೂರಿಸಿದೆ. ಹಗುರಾಗಿದ್ದಾನೆ, ಆದರೂ ಆಳು ಆಳೇ. ರೈಲು ದಾರಿ ಹಿಡಿದು ತೂಗುಗಲ್ಲು ಬಂಡೆಯ ತನಕ. ಹಿಂದೆ ಮುಖ ಮಾಡಿ ಕೂತು, ಕಡಲು ಕಾಣುವಷ್ಟು ದೂರವೂ ಕೂಗುತ್ತಿದ್ದ. ಕೋಲು ಎತ್ತಿ ದಾರಿಯವರಿಗೆಲ್ಲ ಸಲಾಮು. ಕೆಂಪು ಹಣ್ಣು ಕೀಳುತ್ತಿದ್ದ ಹೆಂಗಸರು ನಿಂತು ಚಪ್ಪಾಳೆ ತಟ್ಟಿದರು.

ಚರ್ಚಿನ ದಿಬ್ಬದಲ್ಲಿ ಮುಂದಿನ ಚಕ್ರ ಹಗುರಾಯಿತು. ಹ್ಯಾಂಡಲ್ ತಿರುಗಿಸಿದರೆ ಗಾಳಿಯಲ್ಲಿ ತಿರುಗಿದ ಹಾಗೆ. ಅಣ್ಣನಿಗೆ ಹೇಳಲಿಲ್ಲ. ಮನೆಗೆ ಬಂದು ಮೀನಿಗೆ ಹಾಕುವ ಹರಳುಪ್ಪಿನ ಚೀಲ ಒಂದನ್ನು ಮುಂದಿನ ಕ್ಯಾರಿಯರಿಗೆ ಬಿಗಿದೆ. ಈಗ ತೂಕ ಸಮ. ಇಂಥ ಉಪಾಯ ಕಂಪನಿಯವರಿಗೂ ಹೊಳೆಯದು.

ಕ್ಲಬ್ಬಿನಲ್ಲಿ ಹೋದದ್ದು ನೂರಕ್ಕಿಂತ ತುಸು ಜಾಸ್ತಿ ಇರಬಹುದು. ಎಣಿಸಿಲ್ಲ.

ಸೆಪ್ಟೆಂಬರ್ 18

ನಾಳೆ ಹೊರಡುವುದು. ಬಂದೂಕು, ಚಹಾ, ಡಬ್ಬಿ ಹಾಲು, ಅಣ್ಣನ ಮಾತ್ರೆ ಎಲ್ಲ ತುಂಬಿ ಆಯಿತು. ಬೈಕು ಅಂಗಳದಲ್ಲೇ ಇದೆ. ಸಂಜೆಯಿಂದ ಮಳೆ.

ವೆರ್ನಾ ಹೇಳಿ ಹೋದಳು: "ಹೊಳೆ ದಾಟಿದ ಮೇಲೆ ಏರಲ್ಲಿ ಅಪ್ಪನ್ನ ಇಳಿಸಿ. ಖಾಲಿ ಬೈಕ್ ಹತ್ಸಿ, ಆಮೇಲೆ ಅವ್ರನ್ನ ಕೈ ಹಿಡಿದು ಕರ್ಕೊಂಡ್ಹೋಗಿ. ಮಾತು ಕೊಡಿ ಚಿಕ್ಕಪ್ಪ."

ಕೊಟ್ಟೆ.

ಅಕ್ಟೋಬರ್ 4

ಬರೆಯಲು ಆಗಿರಲಿಲ್ಲ.

ಮಳೆಗೆ ಚೀಲ ನೆನೆದು, ಉಪ್ಪು ಅರ್ಧಕ್ಕರ್ಧ ಕರಗಿ ಅಂಗಳಕ್ಕೆ ಇಳಿದುಹೋಗಿತ್ತು. ಬೆಳಿಗ್ಗೆ ಚೀಲ ಇದೆಯೇ ಎಂದು ನೋಡಿದೆ. ಇತ್ತು. ಎತ್ತಿ ನೋಡಲಿಲ್ಲ. ಹುಟ್ಟಿದಾಗಿನಿಂದ ಉಪ್ಪು ಹೊತ್ತವನು ನಾನು.

ಜೌಗು ಸರಿಯಾಗಿ ದಾಟಿತು. ಹಲಗೆ ಸೇತುವೆಯೂ. ಏರಿನ ಬುಡದಲ್ಲಿ ಅಣ್ಣ, "ನಿಲ್ಸೋ, ಇಳೀತೀನಿ," ಎಂದ.

ನಾನು ಅಂದೆ: "ಒಂದು ಕಾಲಲ್ಲಿ ಇಳಿದು ಏನ್ ಕುಣೀತೀಯಾ? ಗಟ್ಟಿ ಹಿಡ್ಕೋ. ನಾನು ಹತ್ತದ ದಿಬ್ಬ ಐತಾ?"

ಅರ್ಧ ಹತ್ತಿತು. ಮೂತಿ ಎತ್ತಿತು. ನಾನು ಪಕ್ಕಕ್ಕೆ ಬಿದ್ದೆ. ಅಣ್ಣನಿಗೆ ಪಕ್ಕ ಇರಲಿಲ್ಲ. ಡಬ್ಬ ಬಿಗಿದು ಕಟ್ಟಿತ್ತು. ಗಂಟು ಬಿಚ್ಚಲಿಲ್ಲ. ಬೈಕು ಅವನ ಮೇಲೆ.

ಬೈಕು ಎತ್ತಿದೆ. ಹೇಗೆ ಎತ್ತಿದೆ ಗೊತ್ತಿಲ್ಲ. ಫೋನಿಗೆ ಸಿಗ್ನಲ್ ಸಿಗುವ ತನಕ ಓಡಿದೆ. ಬಂದವರು ಅವನನ್ನು ಹೊತ್ತು ತಂದರು. ಕೆರೆಗೆ ಇನ್ನೊಂದೇ ತಿರುವು ಇತ್ತು.

ಆಸ್ಪತ್ರೆಯಲ್ಲಿ ಆರು ದಿನ ಇದ್ದ. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ನಡುನಡುವೆ ಮಾತಾಡುತ್ತಿದ್ದ. ನರ್ಸಮ್ಮನಿಗೆ ನನ್ನನ್ನು ತೋರಿಸಿ, "ನಮ್ ತಮ್ಮ. ಬೈಕ್ ನೆಕ್ಕಿ ನೋಡೇ ಹೇಳ್ತಾನೆ. ಮೊದಲು ನೋಡಿದ್ದು ಬಿರುಕು ಬಿಟ್ಟಿತ್ತು ಕಣಮ್ಮ... ಅದನ್ನ ತಗೊಂಡಿದ್ರೆ ನಾನು ಅವತ್ತೇ ಹೋಗ್ತಿದ್ದೆ," ಎಂದ.

ನಾನು ಅವನ ಚಾದರ ಸರಿಮಾಡಿದೆ.

ಸೆಪ್ಟೆಂಬರ್ ಇಪ್ಪತ್ತೈದಕ್ಕೆ ಹೋದ. ಮಣ್ಣು ಮಾಡಿದ ದಿನ ಗಾಳಿ ಎಂದರೆ ಗಾಳಿ. ಪೆಟ್ಟಿಗೆ ಹೊರಲು ನಾನೂ ಹೆಗಲು ಕೊಟ್ಟೆ.

ಅಕ್ಟೋಬರ್ 8

ಸೌದೆ ಒಡೆಯುತ್ತಿದ್ದೆ, ವೆರ್ನಾ ಮನೆಗೆ. ಅವಳು ಕೆಲಸ ಮಾಡುವ ಮೀನಿನ ಪ್ಲಾಂಟಿನಿಂದ ನೇರ ಬಂದಳು. ಮೀನು ಕೊಯ್ಯುವ ಏಪ್ರನ್ನೂ ಬಿಚ್ಚಿರಲಿಲ್ಲ.

"ಪ್ಲಾಂಟಲ್ಲಿ ನನ್ ಜೊತೆ ಕೆಲಸ ಮಾಡೋ ಗಾರ್ಲಂಡ್ ಹೊಸ ಬೈಕ್ ತಗೊಂಡಿದಾನೆ, ಚಿಕ್ಕಪ್ಪ. ಹಸಿರು. ಎರಡು ಸೀಟು. ಪೇಟೇಲಿ ಕ್ಲೂನಿ ಹತ್ರ."

ಕೊಡಲಿ ಇಳಿಸಿದೆ.

"ಕೆಳಗೆ ಮಲಗಿ ನೋಡಿದೆ. ಟಾರ್ಚ್ ಹಾಕ್ಕೊಂಡು. ಬಿರುಕು ಎಲ್ಲಿತ್ತು?"

"ಬೇರೆ ಬೈಕ್ ಇರ್ಬೇಕು ಕಣೇ."

"ಕ್ಲೂನಿಗೆ ಫೋನ್ ಮಾಡಿದೆ. ನೀವು ನೆಕ್ಕಿದ್ದು ಇನ್ನೂ ನೆನಪಿದೆ ಅವ್ನಿಗೆ. ನಗಾಡ್ತಿದ್ದ. ಅಂಕಲ್ ಹತ್ರ ದುಡ್ಡು ಸಾಲ್ಲಿಲ್ಲ ಅಂದ."

ಕ್ಲಬ್ಬಿನ ವಿಷಯ ಹೇಳಿದೆ. ಹೇಳದೆ ಗತಿ ಇರಲಿಲ್ಲ. ನೂರು ಡಾಲರು ಎಂದೆ.

"ನೂರು ಕಮ್ಮಿ ಬಿದ್ದಿದ್ರೆ ಒಂದು ಫೋನ್ ಮಾಡಿದ್ರೆ ನಾನೇ ತಂದು ಕೊಡ್ತಿದ್ನಲ್ಲ. ಎಷ್ಟು?"

"ಐನೂರು."

"ಚಿಕ್ಕಪ್ಪ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಂಗೆ ದುಡ್ಡು ಬೇಡ. ವಾಪಸ್ ಕೊಡ್ಬೇಡಿ. ಅಪ್ಪನ್ನ ಆ ಡಬ್ಬದಲ್ಲಿ ಕೂರಿಸಿದ್ದು ಎಷ್ಟು ಡಾಲರಿಗೆ ಅಂತ ಗೊತ್ತಾಗ್ಬೇಕು, ಅಷ್ಟೆ. ನಾಳೆ ಕೆಲಸ ಮುಗಿಸ್ಕೊಂಡು ಬರ್ತೀನಿ."

ಸೌದೆ ಬೇಡ ಎಂದಳು. ಒಡೆದದ್ದನ್ನೂ ಬೇಡ ಎಂದಳು.

ಅಕ್ಟೋಬರ್ 9

ಗಾಳಿ ನಿಂತಿದೆ. ಚಹಾ ಕಾಸಿದೆ, ಕುಡಿಯಲಿಲ್ಲ.

ಬೆಳಿಗ್ಗೆಯಿಂದ ಬಾಯಲ್ಲಿ ಹೇಳಿ ನೋಡುತ್ತಿದ್ದೇನೆ. ಎರಡು ಸಾವಿರ ಎಂದು ಬರುತ್ತದೆ. ಎರಡು ಸಾವಿರಕ್ಕೆ ಒಂದು ಕಥೆಯೂ ತಾನಾಗಿ ಬರುತ್ತದೆ... ಜೇಬು ಹರಿದಿತ್ತು, ಕ್ಲಬ್ಬಿನಲ್ಲಿ ಯಾರೋ ಪರಿಚಯದವನು ಸಾಲ ಕೇಳಿದ... ಒಳ್ಳೆಯ ಕಥೆ. ಅಣ್ಣನಾಗಿದ್ದರೆ ನಂಬುತ್ತಿದ್ದ.

ಪ್ಲಾಂಟಿನಲ್ಲಿ ಕೆಲಸ ಬಿಡುವ ಸೈರನ್ ಆಯಿತು. ಇಲ್ಲಿ ಒಂದು ಸಲ ಸರಿಯಾಗಿ ಬರೆದರೆ ಬಾಯಿಗೂ ರೂಢಿಯಾದೀತು.

ನೂರಲ್ಲ. ಐನೂರಲ್ಲ. ಎರಡು ಸಾವಿರವೂ ಅಲ್ಲ. ಮಶೀನಿನ ಮುಂದಿನಿಂದ ಎದ್ದಾಗ ಲಕೋಟೆಯಲ್ಲಿ ಉಳಿದದ್ದನ್ನು ಎಣಿಸಿದ್ದೆ. ಎಣಿಸಿಲ್ಲ ಎಂದು ಬರೆದದ್ದು ಸುಳ್ಳು. ಹೋದದ್ದು ಮೂರು ಸಾವಿರದ ಎಂಟುನೂರ ಅರವತ್ತು ಡಾಲರು, ಅಷ್ಟೂ ಅಣ್ಣನ ದೋಣಿಯ ದುಡ್ಡು.